ಎಳೆಯುವ ಗಾಲಿ, ತಳ್ಳುವ ಗಾಲಿ

ಹಳೆಯ ಮಿನಿ ಮತ್ತು ಹಳೆಯ ಲ್ಯಾಂಡ್ ರೋವರ್ ಅಕ್ಕಪಕ್ಕ ನಿಂತಿದ್ದರೆ ನೋಡುವವರ ಕಣ್ಣು ಮೊದಲು ಅಳೆಯುವುದು ಗಾತ್ರವನ್ನು. ಆದರೆ ಟೇಪು ಹಿಡಿದರೆ ಅಚ್ಚರಿ ಕಾದಿರುತ್ತದೆ. ಮಿನಿಯ ಉದ್ದ ಮೂರು ಮೀಟರಿಗಿಂತ ಚೂರು ಹೆಚ್ಚು. 88 ಇಂಚು ವೀಲ್‌ಬೇಸಿನ ಲ್ಯಾಂಡ್ ರೋವರಿನ ಉದ್ದ ಮೂರೂವರೆ ಮೀಟರಿಗಿಂತ ಚೂರು ಹೆಚ್ಚು. ಅಂತರ ಅರ್ಧ ಮೀಟರು, ಅಷ್ಟೇ. ಎತ್ತರ ಮತ್ತು ತೂಕ ನಮ್ಮನ್ನು ಬೆರಗುಗೊಳಿಸುತ್ತವೆ: ಒಂದು ನಮ್ಮ ಎದೆಮಟ್ಟಕ್ಕೆ ಬರುತ್ತದೆ, ಇನ್ನೊಂದು ತಲೆಯ ಮೇಲೆ ನಿಲ್ಲುತ್ತದೆ, ಒಂದರ ತೂಕಕ್ಕೆ ಇನ್ನೊಂದು ಎರಡು ಪಟ್ಟು.

*

ಕಾರಿನ ಸ್ವಭಾವ ತಿಳಿಯಬೇಕೆಂದರೆ ಬಾನೆಟ್ ಎತ್ತಿದರೆ ಸಾಲದು, ಬಗ್ಗಿ ಕೆಳಗೆ ನೋಡಬೇಕು. ಎಂಜಿನ್ನಿನ ಬಲ ಯಾವ ಗಾಲಿಗೆ ಹೋಗುತ್ತದೆ ಎಂಬುದೇ ಅದರ ಜಾತಕ.

*

1948ರ ಮಾರ್ಚ್‌ನಲ್ಲಿ ವಿಲ್ಫ್ರೆಡ್ ಥೆಸಿಗರ್ ಎಂಬ ಇಂಗ್ಲಿಷ್ ಪ್ರವಾಸಿ ರುಬ್ ಅಲ್ ಖಾಲಿ ಮರುಭೂಮಿಯನ್ನು ಒಂಟೆಯ ಮೇಲೆ ದಾಟಿ ಅಬುಧಾಬಿ ತಲುಪಿದ. ಅಲ್ಲಿಂದ ಅಲ್ ಐನಿನ ಮುವೈಜಿ ಕೋಟೆಗೆ ಹೋಗಿ, ಆ ಸೀಮೆಯ ಆಡಳಿತ ನೋಡುತ್ತಿದ್ದ ಶೇಖ್ ಝಾಯೆದ್ ಅವರನ್ನು ಕಂಡ. ಅದೇ ವರ್ಷ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮ್ ಮೋಟಾರು ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಮೊದಲ ಸಲ ಜನರಿಗೆ ಕಾಣಿಸಿತು. ಒಂಟೆಯ ಮೇಲಿನ ಆ ದೊಡ್ಡ ಪಯಣಕ್ಕೂ ಒಂಟೆಯ ಕೆಲಸ ಕಸಿದುಕೊಳ್ಳಲಿದ್ದ ಗಾಡಿಯ ಹುಟ್ಟಿಗೂ ನಡುವೆ ಇದ್ದದ್ದು ವಾರಗಳ ಅಂತರ.

*

ಲ್ಯಾಂಡ್ ರೋವರಿನ ಮೊದಲ ನಕ್ಷೆ ಬಿದ್ದದ್ದೂ ಮರಳಿನ ಮೇಲೆಯೇ. ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿ ಜಮೀನು ಹೊಂದಿದ್ದ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್, ಯುದ್ಧದಿಂದ ಉಳಿದಿದ್ದ ವಿಲ್ಲಿಸ್ ಜೀಪನ್ನು ಹೊಲದ ಕೆಲಸಕ್ಕೆ ಇಟ್ಟುಕೊಂಡಿದ್ದ. ಇಂಥದ್ದನ್ನು ನಾವೇ ಯಾಕೆ ಮಾಡಬಾರದು ಎಂದು 1947ರಲ್ಲಿ ರೆಡ್ ವಾರ್ಫ್ ಬೇ ಕಡಲತಡಿಯಲ್ಲಿ ಅಣ್ಣ ಸ್ಪೆನ್ಸರ್‌ಗೆ ಮರಳಿನಲ್ಲಿ ಗೆರೆ ಎಳೆದು ತೋರಿಸಿದನೆಂದು ಆ ಮನೆತನದ ಮಾತು. ಆಗ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್ ಇತ್ತು. ಹಾಗಾಗಿ ಮೈಗೆ ಅಲ್ಯುಮಿನಿಯಂ ಮಿಶ್ರಲೋಹ ಬಂತು. ಮೈ ಪೆಟ್ಟಿಗೆಯಂತೆ ಚಪ್ಪಟೆಯಾದದ್ದು ಚೆಂದಕ್ಕಲ್ಲ, ದುಬಾರಿ ಅಚ್ಚುಗಳಿಲ್ಲದೆ ತಗಡು ಬಗ್ಗಿಸಲು ಸುಲಭವೆಂದು. ಮೊದಲ ಗಾಡಿಗಳ ಹಸಿರು ಬಣ್ಣ ಸೈನ್ಯದ ಉಗ್ರಾಣದಲ್ಲಿ ಉಳಿದಿದ್ದದ್ದು.

*

ಲ್ಯಾಂಡ್ ರೋವರ್ ಬಂದ ಎಂಟು ವರ್ಷಗಳ ಬಳಿಕ, 1956ರಲ್ಲಿ, ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ತಮ್ಮ ದೇಶದ್ದೆಂದು ಘೋಷಿಸಿದರು. ಯುದ್ಧವಾಗಿ ಕಾಲುವೆ ಮುಚ್ಚಿತು. ಕೊಲ್ಲಿಯ ಎಣ್ಣೆ ಬ್ರಿಟನ್ ತಲುಪುವುದು ಕಷ್ಟವಾಗಿ ಅಲ್ಲಿ ಪೆಟ್ರೋಲಿಗೂ ರೇಷನ್ ಬಂತು. ಕಡಿಮೆ ಕುಡಿಯುವ ಪುಟ್ಟ ಕಾರು ಬೇಕು ಎಂದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ತನ್ನ ಎಂಜಿನಿಯರ್ ಅಲೆಕ್ ಇಸ್ಸಿಗೊನಿಸ್‌ಗೆ ಹೇಳಿದ. 1959ರ ಆಗಸ್ಟ್ 26ರಂದು ಮಿನಿ ಹೊರಬಂತು. ಅರಬ್ ನಾಡಿನ ಒಂದು ಕಾಲುವೆ ಮುಚ್ಚದೇ ಇದ್ದಿದ್ದರೆ ಆ ಕಾರು ಆ ಹೊತ್ತಿಗೆ ಹುಟ್ಟುತ್ತಿರಲಿಲ್ಲ. ದುಬೈನಲ್ಲಿ ಮಿನಿ ಕಂಡಾಗಲೆಲ್ಲ ನನಗೆ ಅನಿಸುತ್ತದೆ, ಇದು ಪರದೇಶದ ವಸ್ತುವಲ್ಲ, ಈ ಸೀಮೆಯ ರಾಜಕೀಯಕ್ಕೆ ಹುಟ್ಟಿದ ಕೂಸು.

*

ಮರುಭೂಮಿಯ ಬದುಕನ್ನು ಎಣ್ಣೆ ಮತ್ತು ಮೋಟಾರು ಮುಗಿಸಿಬಿಟ್ಟವು ಎಂದು ದುಃಖಿಸಿದ ಥೆಸಿಗರನ ‘ಅರೇಬಿಯನ್ ಸ್ಯಾಂಡ್ಸ್’ ಪುಸ್ತಕ ಪ್ರಕಟವಾದದ್ದೂ 1959ರಲ್ಲೇ.

*

ಒಂದು ಉಕ್ಕಿನ ಬರದಲ್ಲಿ ಹುಟ್ಟಿತು, ಇನ್ನೊಂದು ಎಣ್ಣೆಯ ಬರದಲ್ಲಿ. ಎರಡೂ ಬಂದು ಸೇರಿದ್ದು ಎಣ್ಣೆಯ ನಾಡನ್ನು. ಕೊರತೆಯಲ್ಲಿ ಕೆಲಸ ಮಾಡಿದ ಕೈಗೆ ಬೇಕಾದದ್ದು ಬೇಡವಾದದ್ದು ಎರಡೂ ಸ್ಪಷ್ಟವಾಗಿರುತ್ತವೆ. ಈ ಎರಡು ಕಾರುಗಳಲ್ಲಿ ಸುಮ್ಮನೆ ಇಟ್ಟ ಒಂದು ಬೋಲ್ಟೂ ಸಿಗದು.

*

ಇಸ್ಸಿಗೊನಿಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. ಇಂದು ಇಜ್ಮಿರ್ ಎನ್ನುವ, ಅಂದಿನ ಸ್ಮಿರ್ನಾ ನಗರದಲ್ಲಿ, 1906ರಲ್ಲಿ. 1922ರ ಯುದ್ಧದಲ್ಲಿ ಮನೆಮಾರು ಬಿಟ್ಟು ಹೊರಟ ಕುಟುಂಬ ಅದು. ದಾರಿಯಲ್ಲಿ ಮಾಲ್ಟಾದಲ್ಲಿ ತಂದೆ ತೀರಿಕೊಂಡ. ತಾಯಿ ಮಗ ಇಂಗ್ಲೆಂಡ್ ಸೇರಿದರು. ಸಿಕ್ಕ ಜಾಗದಲ್ಲೇ ನಾಲ್ಕು ಜನ ಕೂರಬೇಕು ಎಂಬ ಹಟ ಆತನಿಗೆ ಎಲ್ಲಿಂದ ಬಂತೋ ನಾನು ಹೇಳಲಾರೆ. ಆದರೆ ಊರು ಬಿಟ್ಟು ಬಂದವರಿಗೆ, ಒಂದು ಕೋಣೆಯಲ್ಲಿ ಬದುಕು ಹೊಂದಿಸಿಕೊಂಡವರಿಗೆ, ಮಿನಿಯ ಒಳಗಿನ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ.

*

ಆ ಲೆಕ್ಕಾಚಾರ ಹೀಗಿದೆ. ಎಂಜಿನ್ನನ್ನು ಉದ್ದಕ್ಕೆ ಇಡುವ ಬದಲು ಅಡ್ಡಕ್ಕೆ ತಿರುಗಿಸಿದ. ಗಿಯರ್ ಬಾಕ್ಸನ್ನು ಎಂಜಿನ್ನಿನ ಹಿಂದೆ ಇಡದೆ ಅದರ ಕೆಳಗೆ, ಆಯಿಲ್ ಸಂಪಿನೊಳಗೇ ಇಳಿಸಿದ. ಬಲವನ್ನು ಮುಂದಿನ ಗಾಲಿಗಳಿಗೇ ಕೊಟ್ಟ, ಹಿಂದಕ್ಕೆ ಹೋಗುವ ಉದ್ದ ಶಾಫ್ಟಿನ ಕೆಲಸವೇ ಉಳಿಯಲಿಲ್ಲ. ಗಾಲಿಗಳನ್ನು 10 ಇಂಚಿಗೆ ಇಳಿಸಿ ನಾಲ್ಕು ಮೂಲೆಗೆ ಸರಿಸಿದ. ಸ್ಪ್ರಿಂಗಿನ ಜಾಗದಲ್ಲಿ ಗೆಳೆಯ ಅಲೆಕ್ಸ್ ಮೌಲ್ಟನ್ ಮಾಡಿಕೊಟ್ಟ ರಬ್ಬರ್ ಕೋನ್ ಬಂತು. ಕಾರಿನ ನೆಲದಳತೆಯಲ್ಲಿ ಐದರಲ್ಲಿ ನಾಲ್ಕು ಪಾಲು ಜನಕ್ಕೆ, ಸಾಮಾನಿಗೆ; ಒಂದೇ ಪಾಲು ಯಂತ್ರಕ್ಕೆ. 848 ಸಿಸಿ ಎಂಜಿನ್ ಇಷ್ಟೆಲ್ಲ ಹೊತ್ತು ಓಡಿತು.

*

ಲ್ಯಾಂಡ್ ರೋವರಿನದು ಬಿಚ್ಚುಮನಸ್ಸು. ಏಣಿಯಂಥ ಚಾಸಿ, ಅದರ ಮೇಲೆ ಉದ್ದಕ್ಕೆ ಎಂಜಿನ್, ಹಿಂದೆ ಗಿಯರ್ ಬಾಕ್ಸ್, ಅದರ ಹಿಂದೆ ಟ್ರಾನ್ಸ್‌ಫರ್ ಬಾಕ್ಸ್. ಅಲ್ಲಿಂದ ಒಂದು ಶಾಫ್ಟ್ ಹಿಂದಿನ ಆಕ್ಸಲ್‌ಗೆ, ಇನ್ನೊಂದು ಮುಂದಿನ ಆಕ್ಸಲ್‌ಗೆ. 1958ರಿಂದ 1985ರವರೆಗೆ ಬಂದ ಸೀರೀಸ್ 2 ಮತ್ತು 3ರಲ್ಲಿ ಗಿಯರಿನ ಪಕ್ಕ ಎರಡು ಚಿಕ್ಕ ಲಿವರುಗಳಿವೆ: ಒಂದರ ತಲೆ ಹಳದಿ, ಇನ್ನೊಂದರದ್ದು ಕೆಂಪು. ಹಳದಿಯನ್ನು ಕೆಳಗೆ ಒತ್ತಿದರೆ ಮುಂದಿನ ಗಾಲಿಗಳಿಗೂ ಬಲ ಹೋಗುತ್ತದೆ. ಕೆಂಪನ್ನು ಹಿಂದಕ್ಕೆ ಎಳೆದರೆ ಗಾಡಿ ನಡಿಗೆಯ ವೇಗಕ್ಕೆ ಇಳಿದು ಗೋಡೆ ಹತ್ತುವ ಬಲ ಪಡೆಯುತ್ತದೆ. ಎಳೆಯುವಾಗ ಕೈಗೆ ‘ಖಟ್’ ಎಂದು ತಾಗುತ್ತದೆ. ಹಲ್ಲಿಗೆ ಹಲ್ಲು ಕೂತದ್ದು ಅಂಗೈಗೆ ಗೊತ್ತಾಗುತ್ತದೆ. ಇಂದಿನ ಕಾರಿನ ಗುಂಡಿ ತಿರುಗಿಸಿದರೆ ಸ್ಕ್ರೀನಿನಲ್ಲಿ ಮರುಭೂಮಿಯ ಚಿತ್ರ ಬರುತ್ತದೆ. ಒಳಗೆ ಏನು ಸರಿದಾಡಿತು ಎಂಬುದು ಕೈಗೆ ತಿಳಿಯದು. ನನಗೆ ಆ ಕೆಂಪು ಲಿವರ್ ಬೇಕು.

*

ಡಾಂಬರು ರಸ್ತೆಯಲ್ಲಿ ಹಳದಿ ಲಿವರ್ ಒತ್ತಿಕೊಂಡೇ ಓಡಿಸಬಾರದು. ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಓಡಬೇಕು, ಹಿಂದಿನದು ಕಡಿಮೆ. ಮರಳಾದರೆ ಗಾಲಿ ಜಾರಿ ಲೆಕ್ಕ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ. ಮರಳಿನಲ್ಲಿ ಕಾಪಾಡುವ ಬಲವೇ ಗಟ್ಟಿ ನೆಲದಲ್ಲಿ ಗಾಡಿಯನ್ನು ಮುರಿಯುತ್ತದೆ.

*

ದುಬೈನ ದೇರಾದ ಬ್ಯಾಚುಲರ್ ರೂಮಿನಲ್ಲಿ ಒಂದೇ ಮೆಸ್ಸಿನ ಸಾರು ಆರು ಜನಕ್ಕೂ ಆದಂತೆ, ಮಿನಿಯಲ್ಲಿ ಎಂಜಿನ್ನಿಗೂ ಗಿಯರಿಗೂ ಡಿಫರೆನ್ಶಿಯಲ್‌ಗೂ ಒಂದೇ ಆಯಿಲ್. ಜಾಗ ಉಳಿಯಿತು, ಖರ್ಚು ಉಳಿಯಿತು. ಆದರೆ ಒಬ್ಬರ ಕಾಯಿಲೆ ಎಲ್ಲರಿಗೂ. ಗಿಯರಿನ ಹಲ್ಲು ಅರೆದ ಆಯಿಲ್ ಬೇರಿಂಗಿಗೂ ಹೋಗುತ್ತದೆ. ಈ ನಾಡಿನ ಸೆಖೆಯಲ್ಲಿ ಮಿನಿ ಇಟ್ಟುಕೊಂಡವರು ಪುಸ್ತಕದಲ್ಲಿ ಬರೆದ ಅವಧಿಗೆ ಕಾಯದೆ ಮೊದಲೇ ಆಯಿಲ್ ಬದಲಿಸಬೇಕು.

*

ಹಳೆಯ ಕಾರಿನ ದೋಷ ಅರ್ಧ ಕಾರಿನದು, ಅರ್ಧ ನೆಲದ್ದು. ಮಿನಿಯ ಡಿಸ್ಟ್ರಿಬ್ಯೂಟರ್ ಮುಂದಿನ ಜಾಲರಿಯ ಹಿಂದೆಯೇ ಇದೆ. ಇಂಗ್ಲೆಂಡಿನ ಮಳೆಯಲ್ಲಿ ನೀರು ಎರಚಿ ಎಂಜಿನ್ ನಿಂತುಹೋಗುತ್ತಿತ್ತು. ಅಲ್ಲಿ ಅದು ದೊಡ್ಡ ದೂರು. ದುಬೈನಲ್ಲಿ ಅದನ್ನು ಯಾರೂ ದೋಷವೆನ್ನರು. ಆದರೆ ಅದೇ ಮಿನಿಯ ರೇಡಿಯೇಟರ್ ಎದುರುಗಾಳಿಗೆ ಮುಖ ಮಾಡಿಲ್ಲ. ಎಂಜಿನ್ನಿನ ಪಕ್ಕ, ಎಡಗಡೆಯ ಗಾಲಿಯ ಗೂಡಿಗೆ ತಿರುಗಿ ನಿಂತಿದೆ. ಫ್ಯಾನು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಅದರ ಮೂಲಕ ಹೊರಗೆ ತಳ್ಳುತ್ತದೆ. ಲಂಡನ್ನಿನಲ್ಲಿ ಯಾರ ಗಮನಕ್ಕೂ ಬಾರದ ಈ ಸಂಗತಿ ಆಗಸ್ಟಿನ 45 ಡಿಗ್ರಿಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ, ಸೂಜಿಯನ್ನು ಕೆಂಪಿಗೆ ಏರಿಸುತ್ತದೆ. ಆಗ ಗೊತ್ತಿದ್ದವರು ಕಾರಿನ ಹೀಟರನ್ನು ಪೂರ್ತಿ ಹಾಕುತ್ತಾರೆ. ಎಂಜಿನ್ನಿನ ಕಾವಿನ ಒಂದು ಪಾಲು ಕಾರಿನೊಳಗೆ ಬರುತ್ತದೆ, ಚಾಲಕ ಬೇಯುತ್ತಾನೆ, ಎಂಜಿನ್ ಉಳಿಯುತ್ತದೆ. ಯಂತ್ರಕ್ಕಾಗಿ ಹೀಗೆ ಮೈಯೊಡ್ಡುವವರನ್ನು ನಾನು ಗೌರವಿಸುತ್ತೇನೆ.

*

2024ರ ಏಪ್ರಿಲ್ 16ರಂದು ಮಾತ್ರ ಇಲ್ಲಿ ಇಂಗ್ಲೆಂಡನ್ನೂ ಮೀರಿಸಿದ ಮಳೆ ಬಂತು. ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿ.ಮೀ. ಸುರಿಯಿತು. 1949ರಲ್ಲಿ ಲೆಕ್ಕ ಇಡಲು ಶುರುಮಾಡಿದ ಮೇಲೆ ಈ ನಾಡು ಕಂಡ ಅತಿ ದೊಡ್ಡ ಮಳೆ. ಕಂಪ್ಯೂಟರು ತುಂಬಿದ ಎಷ್ಟೋ ಹೊಸ ಕಾರುಗಳು ಅಂದು ನೀರಿನಲ್ಲಿ ಸತ್ತವು. ಬಿಚ್ಚಿ ಒಣಗಿಸಿ ಮತ್ತೆ ಜೋಡಿಸಬಹುದಾದ ಯಂತ್ರದ ಬೆಲೆ ಅಂಥ ದಿನ ತಿಳಿಯುತ್ತದೆ.

*

ಲ್ಯಾಂಡ್ ರೋವರಿಗೆ ಬಿಸಿಲು ಮೊದಲೇ ಗೊತ್ತಿತ್ತು. ಅದರ ಸ್ಟೇಷನ್ ವ್ಯಾಗನ್ನಿಗೆ ಎರಡು ಚಾವಣಿ: ಒಳಗಿನ ತಗಡಿನ ಮೇಲೆ ಸ್ವಲ್ಪ ಅಂತರ ಬಿಟ್ಟು ಇನ್ನೊಂದು ತಗಡು. ಬಿಸಿಲು ಮೇಲಿನದಕ್ಕೆ, ನಡುವೆ ಗಾಳಿ ಹರಿದಾಟ, ಒಳಗಿನವರಿಗೆ ನೆರಳು. ಮುಂದಿನ ಗಾಜಿನ ಕೆಳಗೆ ಎರಡು ಅಗಲವಾದ ಬಾಗಿಲುಗಳಿವೆ. ತೆರೆದರೆ ಗಾಳಿ ನೇರ ಮುಖಕ್ಕೆ. ಜೊತೆಗೆ ಮರಳೂ ಬರುತ್ತದೆ ಎಂಬುದು ಬೇರೆ ಮಾತು. ಏಸಿಯಿಲ್ಲದ ಕಾಲದ ಈ ಬುದ್ಧಿಯನ್ನು ಇಂದಿನ ನಮ್ಮ ಕಟ್ಟಡಗಳೂ ಮರೆತಿವೆ.

*

ಗಾಲಿ ಎಳೆಯುವುದಕ್ಕೂ ತಳ್ಳುವುದಕ್ಕೂ ಇರುವ ವ್ಯತ್ಯಾಸ ಏರಿನಲ್ಲಿ ಬಯಲಾಗುತ್ತದೆ. ಗಾಡಿ ದಿಬ್ಬ ಹತ್ತುವಾಗ ಭಾರ ಹಿಂದಕ್ಕೆ ಜಗ್ಗುತ್ತದೆ. ಹಿಂದಿನ ಗಾಲಿಗೆ ಬಲವಿದ್ದರೆ ಆ ಭಾರ ಅದನ್ನು ನೆಲಕ್ಕೆ ಒತ್ತಿ ಹಿಡಿತ ಕೊಡುತ್ತದೆ. ಮುಂದಿನದಕ್ಕೆ ಮಾತ್ರ ಬಲವಿದ್ದರೆ ಆ ಗಾಲಿ ಹಗುರಾಗಿ ಸುಮ್ಮನೆ ಸುತ್ತುತ್ತದೆ. ನಮ್ಮ ಮಲೆನಾಡಿನ ತೋಟದ ದಾರಿಗಳಲ್ಲಿ, ಮಳೆಗಾಲದ ಕೆಸರೇರಿನಲ್ಲಿ, ಮಾರುತಿ 800 ಹತ್ತದೇ ಹೋದಾಗ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿದವರಿಗೆ ಈ ವಿಜ್ಞಾನ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸಮತಟ್ಟಾದ ಜಾರು ರಸ್ತೆಯಲ್ಲಿ ಎಂಜಿನ್ನಿನ ಭಾರವೆಲ್ಲ ಎಳೆಯುವ ಗಾಲಿಯ ಮೇಲಿರುವುದೇ ಮಿನಿಯ ಶಕ್ತಿ. ಹಿಮದ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಅದು 1964, 1965 ಮತ್ತು 1967ರಲ್ಲಿ ಗೆದ್ದದ್ದು ದೊಡ್ಡ ದೊಡ್ಡ ಕಾರುಗಳನ್ನು ಹಿಂದಿಕ್ಕಿ.

*

ಮಿನಿಯನ್ನು ಅಲ್ ಬದಾಯರಿನ ಕೆಂಪು ದಿಬ್ಬಕ್ಕೆ ಒಯ್ದು ಹೂತುಹೋಯಿತೆಂದು ನಗುವುದು ಅನ್ಯಾಯ. ಲ್ಯಾಂಡ್ ರೋವರನ್ನು ಮೀನಾ ಬಜಾರಿನ ಗಲ್ಲಿಯಲ್ಲಿ ತಿರುಗಿಸಲಾಗಲಿಲ್ಲವೆಂದು ಬೈಯುವುದೂ ಅಷ್ಟೇ.

*

ಮುಂದಿನ ಗಾಲಿಗೆ ಬಲವೂ ಬೇಕು, ಅದು ಎಡಬಲ ತಿರುಗಲೂ ಬೇಕು. ಇವೆರಡನ್ನೂ ಒಟ್ಟಿಗೆ ನಿಭಾಯಿಸುವುದು ಗಾಲಿಯ ಹಿಂದಿರುವ ಸಿ.ವಿ. ಜಾಯಿಂಟ್. ಮುಷ್ಟಿಗಾತ್ರದ ಲೋಹದ ಬಟ್ಟಲು, ಒಳಗೆ ಉಕ್ಕಿನ ಗುಂಡುಗಳು, ಗ್ರೀಸು, ಹೊರಗೆ ಒಂದು ರಬ್ಬರ್ ಬೂಟು. ಮಿನಿ ಸಾಧ್ಯವಾದದ್ದೇ ಇದರಿಂದ. ಮುಸಾಫಾದ ಗ್ಯಾರೇಜಿನಲ್ಲಿ ಹೀಗೊಂದು ಜಾಯಿಂಟನ್ನು ಬಿಚ್ಚಿದ್ದನ್ನು ನೋಡಿದ್ದೇನೆ. ಬಿಸಿಲಿಗೆ ರಬ್ಬರ್ ಸೀಳು ಬಿಟ್ಟಿತ್ತು. ಸೀಳಿನಿಂದ ನುಸುಳಿದ ನುಣ್ಣನೆಯ ಮರಳು ಗ್ರೀಸಿನಲ್ಲಿ ಬೆರೆತು ಉಜ್ಜುವ ಪೇಸ್ಟಾಗಿ ಕನ್ನಡಿಯಂತಿರಬೇಕಾದ ಗುಂಡುಗಳ ಮೇಲೆಲ್ಲ ಗೀರು. ಮೆಕ್ಯಾನಿಕ್ ಆ ಗ್ರೀಸನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು, ಏನೂ ಹೇಳಲಿಲ್ಲ. ನನ್ನ ಬೆರಳಿಗೂ ಸ್ವಲ್ಪ ಹಚ್ಚಿದರು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ‘ಕಟಕಟ’ ಸದ್ದು ಬಂದರೆ ಇದೇ ಕಾಯಿಲೆ. ಹತ್ತಾರು ದಿರ್ಹಮಿನ ರಬ್ಬರ್ ಬೂಟನ್ನು ಸಕಾಲದಲ್ಲಿ ಬದಲಿಸಿದರೆ ಇಡೀ ಜಾಯಿಂಟು ಉಳಿಯುತ್ತದೆ.

*

ಅಲ್ಯುಮಿನಿಯಂ ಮೈಗೆ ತುಕ್ಕು ಹಿಡಿಯದು ಎಂದು ಲ್ಯಾಂಡ್ ರೋವರ್ ಕೊಂಡವರು ಚಾಸಿ ಉಕ್ಕಿನದು ಎಂಬುದನ್ನು ಮರೆಯುತ್ತಾರೆ. ಕಡಲ ತೇವ, ಸಬ್ಖಾ ಎಂಬ ಉಪ್ಪುಬಯಲಿನ ಉಪ್ಪು ಎರಡೂ ಕೆಳಗಿನಿಂದ ತಿನ್ನುತ್ತವೆ. ಅಲ್ಯುಮಿನಿಯಂ ಉಕ್ಕಿಗೆ ತಾಗುವ ಕಡೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಕೂಡ ಬಿಳಿ ಪುಡಿಯಾಗಿ ಉದುರುತ್ತದೆ. ಮೇಲೆ ಹೊಳಪು, ಕೆಳಗೆ ಪೊಳ್ಳು.

*

ಇಂದಿನ ದುಬೈ–ಅಬುಧಾಬಿ ಹೆದ್ದಾರಿಯಲ್ಲಿ ಹೋಗುವವರಿಗೆ, 1960ರ ದಶಕದಲ್ಲಿ ಈ ಎರಡು ಊರುಗಳ ನಡುವೆ ಡಾಂಬರು ಇರಲಿಲ್ಲ ಎಂದರೆ ನಂಬಿಕೆ ಬರದು. ಕರಾವಳಿಯ ಸಬ್ಖಾ ಬಯಲಿನ ಮೇಲೆ ಹಿಂದೆ ಹೋದ ಗಾಡಿಗಳ ಜಾಡು ಹಿಡಿದು ಹೋಗಬೇಕಿತ್ತು. ಉಪ್ಪಿನ ಹೆಪ್ಪು ಒಣಗಿದ್ದರೆ ಅದೇ ಒಳ್ಳೆಯ ರಸ್ತೆ. ತೇವವಾಗಿದ್ದರೆ ಅಡಿಯ ಕೆಸರಿಗೆ ಆಕ್ಸಲ್‌ವರೆಗೆ ಇಳಿಯುವುದೇ. ದ್ವೀಪವಾದ ಅಬುಧಾಬಿಗೆ ಮಕ್ತಾ ಸೇತುವೆ ಬಂದದ್ದು 1968ರಲ್ಲಿ. ಅಂಥ ನೆಲದಲ್ಲಿ ಪ್ರೀತಿಯಿಂದ ಯಾರೂ ಲ್ಯಾಂಡ್ ರೋವರ್ ಆರಿಸಿಕೊಳ್ಳಲಿಲ್ಲ. ಆರಿಸಿಕೊಂಡರು, ಯಾಕೆಂದರೆ ಅದು ಮನೆ ತಲುಪಿಸುತ್ತಿತ್ತು. ಪ್ರೀತಿ ಆಮೇಲೆ ಬಂತು.

*

1959ರಿಂದ 1966ರವರೆಗೆ ಈ ಕರಾವಳಿಯಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಅಚ್ಚು ಹಾಕಿಸಿದ ಗಲ್ಫ್ ರೂಪಾಯಿ. ಆ ವರ್ಷಗಳಲ್ಲಿ ಇಲ್ಲಿ ಪೆಟ್ರೋಲು ಹಾಕಿಸಿದವರು, ಟೈರು ಕೊಂಡವರು ಎಣಿಸಿದ ಹಣ ಭಾರತದ್ದು. ಉಡುಪಿ, ಮಂಗಳೂರು, ಭಟ್ಕಳ, ಕಾಸರಗೋಡಿನಿಂದ ಬಂದು ಇಲ್ಲಿನ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಹಿಡಿದ ನಮ್ಮವರ ಚರಿತ್ರೆಯನ್ನು ಯಾರಾದರೂ ಬರೆಯಬೇಕು. ಹೆದ್ದಾರಿ, ಗೋಪುರಗಳ ಚರಿತ್ರೆ ಬೇಕಾದಷ್ಟು ಬಂದಿದೆ.

*

ಶೇಖ್ ಝಾಯೆದ್ ಅಬುಧಾಬಿಯ ಅಮೀರರಾಗುವ ಮೊದಲು, 1946ರಿಂದ 1966ರವರೆಗೆ, ಅಲ್ ಐನ್ ಸೀಮೆಯ ಆಡಳಿತ ನೋಡಿಕೊಂಡರು. ಫಲಜ್ ಎಂಬ ನೀರಾವರಿ ಕಾಲುವೆಗಳ ಹೂಳೆತ್ತಿಸಿದರು. ಅಲ್ ಐನ್ ಅರಮನೆ ಮ್ಯೂಸಿಯಮ್ಮಿನ ಅಂಗಳದಲ್ಲಿ, ಅವರು ಮರುಭೂಮಿಯ ಜನರನ್ನು ನೋಡಲು ಹೋಗುತ್ತಿದ್ದಂಥ ಒಂದು ಲ್ಯಾಂಡ್ ರೋವರ್ ಇಟ್ಟಿದ್ದಾರೆ. ಚಿನ್ನದ ಲೇಪವಿಲ್ಲ, ಮೆತ್ತನೆಯ ಸೀಟಿಲ್ಲ. ಆಳುವವನ ಗಾಡಿಗೂ ರೈತನ ಗಾಡಿಗೂ ಭೇದವಿಲ್ಲದ ಒಂದು ಕಾಲ ಇಲ್ಲೂ ಇತ್ತೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

*

ಗಾತ್ರದ ಮೋಹಕ್ಕೂ ಈ ನಾಡಿನಲ್ಲಿ ಸ್ಮಾರಕವಿದೆ. ಶೇಖ್ ಹಮದ್ ಬಿನ್ ಹಮ್ದಾನ್ ಅಲ್ ನಹ್ಯಾನ್ ಕಟ್ಟಿಸಿದ ಡಾಡ್ಜ್ ಪವರ್ ವ್ಯಾಗನ್ ಮೂಲ ಗಾಡಿಯ 64 ಪಟ್ಟು ದೊಡ್ಡದು. ಒಳಗೆ ಮಲಗುವ ಕೋಣೆಗಳೇ ಇವೆ. ಅದರ ಕೆಳಗೆ ನಿಂತವರು ಬೆರಗಾಗುತ್ತಾರೆ, ನಾನೂ ಬೆರಗಾದೆ. ಮಿನಿಯ ಬಾಗಿಲು ತೆರೆದು ಒಳಗೆ ಕುಳಿತಾಗ ಆಗುವ ಬೆರಗು ಬೇರೆ: ಹೊರಗಿನಿಂದ ಇಷ್ಟೇ ಇದ್ದದ್ದು ಒಳಗೆ ಇಷ್ಟು ಹೇಗಾಯಿತು ಎಂದು. ಎರಡನೆಯದು ಹೆಚ್ಚು ದಿನ ಉಳಿಯುತ್ತದೆ.

*

2023ರಲ್ಲಿ ಅಬುಧಾಬಿ ಒಂದು ಹೆದ್ದಾರಿಯ ಎಡಗಡೆಯ ಎರಡು ಲೇನುಗಳಿಗೆ ಕನಿಷ್ಠ ವೇಗ ಗಂಟೆಗೆ 120 ಕಿ.ಮೀ. ಎಂದು ನಿಗದಿಮಾಡಿತು; 2025ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಮೊದಲ ಮಿನಿಯ ಗರಿಷ್ಠ ವೇಗವೇ 120ಕ್ಕಿಂತ ಕಡಿಮೆ, ಲ್ಯಾಂಡ್ ರೋವರಿನದು ಇನ್ನೂ ಕಡಿಮೆ. ಈ ನಾಡನ್ನು ಕಟ್ಟಿದ ಗಾಡಿ ಈ ನಾಡಿನ ವೇಗಕ್ಕೆ ಸಾಲದಾದದ್ದು ಒಂದು ಆಯುಷ್ಯದೊಳಗೆ.

*

1968ರಲ್ಲಿ ಎರಡೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸೂರಿನಡಿ ಬಂದವು. 1994ರಲ್ಲಿ ಎರಡೂ ಜರ್ಮನಿಯ ಬಿಎಂಡಬ್ಲ್ಯು ಕೈಗೆ ಹೋದವು. 2000ದಲ್ಲಿ ಬೇರೆಯಾದವು: ಮಿನಿ ಬಿಎಂಡಬ್ಲ್ಯು ಬಳಿ ಉಳಿಯಿತು, ಲ್ಯಾಂಡ್ ರೋವರ್ ಫೋರ್ಡಿಗೆ ಹೋಯಿತು, 2008ರಲ್ಲಿ ಟಾಟಾ ಕೈಗೆ ಬಂತು. ಹಳೆಯ ಮಿನಿಯ ತಯಾರಿಕೆ 2000ದ ಅಕ್ಟೋಬರಿನಲ್ಲಿ ನಿಂತಿತು, ಆ ಹೊತ್ತಿಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ಹೊರಬಂದಿದ್ದವು. ಲ್ಯಾಂಡ್ ರೋವರಿನ ಮಾಲೀಕತ್ವ ಭಾರತಕ್ಕೆ ಬಂದಿತೆಂದು ನಾವು ಹೆಮ್ಮೆಪಡುತ್ತೇವೆ, ಸರಿ. ಆದರೆ ನಮ್ಮ ಮನೆಮನೆಗೂ ಬಂದದ್ದು ಮಿನಿಯ ವಿಚಾರ. 1983ರಲ್ಲಿ ಬಂದ ಮಾರುತಿ 800ರ ಅಡ್ಡ ಎಂಜಿನ್ನು, ಮುಂದಿನ ಗಾಲಿಯ ಎಳೆತ ಎರಡಕ್ಕೂ ಹಿಂದೆ ಇಸ್ಸಿಗೊನಿಸ್ ಎಳೆದ ಗೆರೆಯಿದೆ. ಅಂಬಾಸಡರಿನಿಂದ ಮಾರುತಿಗೆ ಬಂದ ಕುಟುಂಬಗಳು ತಳ್ಳುವ ಗಾಲಿಯಿಂದ ಎಳೆಯುವ ಗಾಲಿಗೆ ದಾಟಿದವು.

*

ಈಗೀಗ ಹಳೆಯ ಲ್ಯಾಂಡ್ ರೋವರಿಗೆ ಅಮೆರಿಕದ ದೊಡ್ಡ ವಿ8 ಎಂಜಿನ್ ಹಾಕಿಸುವುದು, ಮಿನಿಗೆ ಬ್ಯಾಟರಿ ಮೋಟಾರು ಕೂರಿಸುವುದು ಶೋಕಿಯಾಗಿದೆ. ಬಣ್ಣ ಬದಲಿಸಲಿ, ಸೀಟು ಬದಲಿಸಲಿ, ಬೇಕಾದರೆ ಏಸಿಯನ್ನೂ ಹಾಕಲಿ. ಎಂಜಿನ್ನಿನಿಂದ ಗಾಲಿಯವರೆಗಿನ ದಾರಿಯನ್ನು ಮಾತ್ರ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ತೆಗೆದ ಮೇಲೆ ಉಳಿಯುವುದು ಹಳೆಯ ಕಾರಿನ ಅಂಗಿ ತೊಟ್ಟ ಹೊಸ ಕಾರು. ಹಣ ಇರುವವರ ಊರಿನಲ್ಲಿ ಈ ಮಾತು ಗಟ್ಟಿಯಾಗಿ ಹೇಳಲೇಬೇಕು.

*

ಏಸಿ ಗ್ಯಾರೇಜಿನಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ ಕಾರು ಉಳಿಯುತ್ತದೆ ಎಂದುಕೊಂಡಿದ್ದಾರೆ. ಸೀಲುಗಳು ಒಣಗುತ್ತವೆ, ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಇಲ್ಲಿನ ಬೆಳಗುಗಳು ತಂಪು. ವಾರಕ್ಕೊಮ್ಮೆಯಾದರೂ ಹೊರಗೆ ತನ್ನಿ.

*

ಯಂತ್ರದ ಜಾಣತನ ನೋಡಿದರೆ ನನ್ನ ಮಟ್ಟಿಗೆ ಮಿನಿಯೇ ದೊಡ್ಡದು. ಅಷ್ಟು ಕಡಿಮೆಯಲ್ಲಿ ಅಷ್ಟು ಹೆಚ್ಚು ಕೊಟ್ಟ ಕಾರು ಇನ್ನೊಂದಿಲ್ಲ. ಆದರೆ ಯುಎಇಯಲ್ಲಿ ಒಂದೇ ಹಳೆಯ ಕಾರು ಇಟ್ಟುಕೊಳ್ಳುವುದಾದರೆ ನಾನು ಲ್ಯಾಂಡ್ ರೋವರನ್ನೇ ಆರಿಸುತ್ತೇನೆ. ರೇಡಿಯೇಟರ್ ಗಾಳಿಗೆ ಮುಖ ಮಾಡಿದೆ, ಮೈ ಬೇಗ ಕೆಡದು, ಹೆದ್ದಾರಿ ಬಿಟ್ಟು ಇಳಿದರೂ ಕೆಲಸ ಮಾಡುತ್ತದೆ.

*

ಕೊಳ್ಳಹೊರಟವರಿಗೆ ಒಂದು ಮಾತು. ಲ್ಯಾಂಡ್ ರೋವರ್ ಆದರೆ ಚಾಸಿಯ ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಬಣ್ಣಕ್ಕೆ ಮರುಳಾಗದೆ ಎದ್ದು ಬನ್ನಿ. ಮಿನಿಯಾದರೆ ಡಿಸೆಂಬರಿನಲ್ಲಿ ನೋಡಿ ಕೊಳ್ಳಬೇಡಿ, ಆ ತಿಂಗಳಲ್ಲಿ ಎಲ್ಲ ಮಿನಿಗಳೂ ತಣ್ಣಗೇ ಓಡುತ್ತವೆ. ಆಗಸ್ಟಿನ ಮಧ್ಯಾಹ್ನ ಹೋಗಿ, ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿ, ಸೂಜಿ ಎಲ್ಲಿ ನಿಲ್ಲುತ್ತದೆ ನೋಡಿ, ಆಮೇಲೆ ಬೆಲೆ ಮಾತಾಡಿ.